ಹದಿನೆಂಟು ಸ್ಥಾನ ಕಡಿಮೆ ಬಿದ್ದ ಗೆಲುವು

1983ರ ಜನವರಿ 5ರಂದು ಕರ್ನಾಟಕ ಮತ ಹಾಕಿತು. ಎಣಿಕೆ ಮುಗಿದಾಗ ಮುಖ್ಯಮಂತ್ರಿ ಆರ್. ಗುಂಡೂರಾವ್ ತಮ್ಮ ಸೋಮವಾರಪೇಟೆ ಕ್ಷೇತ್ರದಲ್ಲೇ ಸೋತಿದ್ದರು. ಒಂದಲ್ಲ ಒಂದು ಹೆಸರಿನ ಕಾಂಗ್ರೆಸ್ಸನ್ನೇ ಕಂಡಿದ್ದ ವಿಧಾನಸೌಧಕ್ಕೆ ಮೊದಲ ಬಾರಿಗೆ ಬೇರೆ ಪಕ್ಷ ಕಾಲಿಡುವುದಿತ್ತು. 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82, ಪಕ್ಷೇತರರಿಗೆ 22, ಬಿಜೆಪಿಗೆ 18, ಎರಡೂ ಕಮ್ಯುನಿಸ್ಟ್ ಪಕ್ಷಗಳಿಗೆ ತಲಾ ಮೂರು. ಬಹುಮತಕ್ಕೆ ಬೇಕಾದದ್ದು 113. ಗೆದ್ದ ಪಕ್ಷಕ್ಕೆ ಇನ್ನೂ ಹದಿನೆಂಟು ಮಂದಿ ಬೇಕಾಗಿತ್ತು. ನಮ್ಮ ರಾಜ್ಯ ಕಂಡ ಅತ್ಯಂತ ಫಲವತ್ತಾದ ಅಧಿಕಾರ ಬದಲಾವಣೆ ಈ ಕೊರತೆಯೊಳಗಿಂದಲೇ ಬಂತು ಎಂಬುದು ನನ್ನ ನಂಬಿಕೆ.

ಈ ಸೋಲು ಎಷ್ಟು ದೊಡ್ಡದೆಂದು ತಿಳಿಯಲು ಐದಾರು ವರ್ಷ ಹಿಂದಕ್ಕೆ ಹೋಗಬೇಕು. ತುರ್ತು ಪರಿಸ್ಥಿತಿಯ ಸಿಟ್ಟಿಗೆ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕ ಅದೇ ಪಕ್ಷಕ್ಕೆ 28ರಲ್ಲಿ 26 ಲೋಕಸಭಾ ಸ್ಥಾನ ಕೊಟ್ಟಿತ್ತು. 1978ರ ವಿಧಾನಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 149 ಸ್ಥಾನ ಬಂದವು. ಅದೇ ವರ್ಷ ಇಂದಿರಾ ಗಾಂಧಿಯವರಿಗೆ ರಾಜಕೀಯ ಮರುಜನ್ಮ ಕೊಟ್ಟದ್ದು ಚಿಕ್ಕಮಗಳೂರು. ಇಂಥ ರಾಜ್ಯ ಕೈಬಿಟ್ಟುಹೋಗಬಹುದೆಂದು ದೆಹಲಿಯಲ್ಲಿ ಯಾರೂ ಎಣಿಸಿರಲಿಲ್ಲ.

ಆದರೆ ನೆಲ ಕುಸಿಯತೊಡಗಿ ಮೂರು ವರ್ಷವಾಗಿತ್ತು. ಇಂದಿರಾ ಮತ್ತು ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಬೇರೆಯಾದರು. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿಯಾಗುತ್ತಲೇ ಅರಸು ಅವರ ಬೆನ್ನಿಗಿದ್ದ ಶಾಸಕರು ಗುಂಪುಗುಂಪಾಗಿ ಆ ಕಡೆ ನಡೆದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಜನ ಮತಗಟ್ಟೆಗೇ ಹೋಗದೆ ಸರ್ಕಾರ ಬದಲಾಗಿತ್ತು. ಅದೇ ವರ್ಷ ಮಲಪ್ರಭಾ ಅಚ್ಚುಕಟ್ಟಿನ ರೈತರು ಸಿಡಿದೆದ್ದರು. ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟಿರಲಿಲ್ಲ, ಅಭಿವೃದ್ಧಿ ಕರದ ನೋಟಿಸು ಮಾತ್ರ ಮನೆ ಮುಟ್ಟಿತ್ತು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ಅಲ್ಲಿಂದ ಎದ್ದ ಅಲೆಯೇ ಎಚ್.ಎಸ್. ರುದ್ರಪ್ಪ, ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತಸಂಘ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತವು. ಇತ್ತ ದಲಿತ ಸಂಘರ್ಷ ಸಮಿತಿ ಕೇರಿ ಕೇರಿಗಳಲ್ಲಿ ಬೇರೆಯದೇ ದನಿಯನ್ನು ಕಟ್ಟುತ್ತಿತ್ತು. 1982ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದ ಗೋಕಾಕ್ ವರದಿಯ ಜಾರಿಗಾಗಿ ಚಳವಳಿ ಹೊತ್ತಿಕೊಂಡಿತು, ಡಾ. ರಾಜ್‌ಕುಮಾರ್ ಅದರ ಮುಂದಾಳಾಗಿ ಊರೂರು ತಿರುಗಿದರು. ಅವರು ಯಾವ ಪಕ್ಷಕ್ಕೂ ಮತ ಕೇಳಲಿಲ್ಲ. ಆದರೆ ಕನ್ನಡದ ಮಾತಿಗೆ ಸರ್ಕಾರ ಮೀನಮೇಷ ಎಣಿಸಿದ್ದನ್ನು ಜನ ಕಣ್ಣಾರೆ ಕಂಡರು.

ಹೀಗೆ 1983ರ ತೀರ್ಪನ್ನು ಬರೆದವರಲ್ಲಿ ಹೆಚ್ಚಿನವರು ಜನತಾ ಪಕ್ಷದ ಸದಸ್ಯರೇ ಅಲ್ಲ. ಪಕ್ಷ ತಾನಾಗಿ ಅಷ್ಟೇನೂ ಬಲವಾಗಿರಲಿಲ್ಲ. ಅರಸು ಕಟ್ಟಿದ ಕ್ರಾಂತಿರಂಗ, 1982ರ ಜೂನ್‌ನಲ್ಲಿ ಅವರು ತೀರಿಕೊಂಡ ಮೇಲೆ ಎಸ್. ಬಂಗಾರಪ್ಪನವರ ನಾಯಕತ್ವದಲ್ಲಿ ಜನತಾ ಪಕ್ಷದ ಜೊತೆ ಸೇರಿತು. ನೇಗಿಲು ಹೊತ್ತ ರೈತನ ಚಿಹ್ನೆಯಡಿ ಸಿಟ್ಟೆಲ್ಲ ಬಂದು ನಿಂತಿತು. ಅದೇ ದಿನ ಮತದಾನವಾದ ಪಕ್ಕದ ಆಂಧ್ರದಲ್ಲೂ ಎನ್.ಟಿ. ರಾಮರಾವ್ ಅವರ ಹೊಸ ಪಕ್ಷ ಕಾಂಗ್ರೆಸ್ಸನ್ನು ಗುಡಿಸಿಹಾಕಿತ್ತು.

ಮುಖ್ಯಮಂತ್ರಿ ಯಾರು? ಬಂಗಾರಪ್ಪ, ದೇವೇಗೌಡ, ಬೊಮ್ಮಾಯಿ, ಮೂವರಿಗೂ ತಮ್ಮ ತಮ್ಮ ಬೆಂಬಲಿಗರಿದ್ದರು. ವಿಧಾನಸಭೆಗೆ ಸ್ಪರ್ಧಿಸದೇ ಇದ್ದ ರಾಮಕೃಷ್ಣ ಹೆಗಡೆ ಆಯ್ಕೆಯಾಗಿ ಜನವರಿ 10ರಂದು ಪ್ರಮಾಣ ವಚನ ಸ್ವೀಕರಿಸಿದರು. ಆಮೇಲೆ ಕನಕಪುರದಿಂದ ಗೆದ್ದುಬಂದರು. ಸರ್ಕಾರ ನಿಂತದ್ದು ಬಿಜೆಪಿ ಮತ್ತು ಕಮ್ಯುನಿಸ್ಟರು ಹೊರಗಿನಿಂದ ಕೊಟ್ಟ ಬೆಂಬಲದ ಮೇಲೆ. ಒಬ್ಬರ ಮುಖ ಇನ್ನೊಬ್ಬರಿಗೆ ಆಗದ ಈ ಎರಡು ಕಡೆಯವರನ್ನೂ ದಿನಬೆಳಗಾದರೆ ಒಪ್ಪಿಸಬೇಕಾಗಿತ್ತು. ಯಾವುದನ್ನೂ ಹುಕುಂ ಮಾಡಿ ಮುಗಿಸುವಂತಿರಲಿಲ್ಲ. ಕನ್ನಡ ಕಾವಲು ಸಮಿತಿ ಬಂತು. 1984ರಲ್ಲಿ ಲೋಕಾಯುಕ್ತ ಕಾಯ್ದೆ ಆಯಿತು. ಇವೆಲ್ಲ ಕೇಳಿಸಿಕೊಳ್ಳಲೇಬೇಕಾದ ಸರ್ಕಾರವೊಂದರ ಕೆಲಸಗಳು.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅಬ್ದುಲ್ ನಜೀರ್ ಸಾಬ್ ಹಿಡಿದ ಕೆಲಸ. ಗುಂಡ್ಲುಪೇಟೆಯ ಈ ಮನುಷ್ಯ ಗ್ರಾಮೀಣಾಭಿವೃದ್ಧಿ ಸಚಿವರಾದರು. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಮತ ಎಣಿಕೆಯಲ್ಲಿ ಲೆಕ್ಕಕ್ಕೆ ಬರುವ ಜಾತಿಬಲವಾಗಲಿ ಹಣಬಲವಾಗಲಿ ಅವರಿಗಿರಲಿಲ್ಲ. ಹಾಗಿದ್ದೂ, ತಾವೇ ತೂಗುಯ್ಯಾಲೆಯಲ್ಲಿದ್ದ ಸರ್ಕಾರದ ಸಚಿವರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಕೆಳಗಿನ ಪಂಚಾಯಿತಿಗಳಿಗೆ ಹಂಚುವ ಮಸೂದೆ ತಂದರು. 1983ರ ಆ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು.

ಕಾಯ್ದೆಯ ಗಟ್ಟಿತನ ಅದರ ವಿವರಗಳಲ್ಲಿದೆ. ಕೆಲವು ಹಳ್ಳಿಗಳನ್ನು ಕೂಡಿಸಿ ಒಂದು ಮಂಡಲ ಪಂಚಾಯಿತಿ, ಮೇಲೆ ಜಿಲ್ಲಾ ಪರಿಷತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅದರ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊರೆಯಂತಿದ್ದ ಕಚೇರಿಯ ಎದುರಿಗೆ ಜನರಿಂದ ಆರಿಸಿಬಂದವರ ಕಚೇರಿ ತಲೆಯೆತ್ತಿ ನಿಂತಿತು. ಹೆಣ್ಣುಮಕ್ಕಳಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಯಿತು. ಇಂಥ ಮೀಸಲಾತಿಯನ್ನು ಇಡೀ ದೇಶದ ಪಂಚಾಯಿತಿಗಳಿಗೆ ತಂದ ಸಂವಿಧಾನದ 73ನೇ ತಿದ್ದುಪಡಿ ಬರಲು ಇನ್ನೂ ಎಷ್ಟೋ ವರ್ಷಗಳಿದ್ದವು. 1987ರ ಜನವರಿಯಲ್ಲಿ ಚುನಾವಣೆ ನಡೆದು ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಪಂಚಾಯಿತಿ ಕಟ್ಟೆ ಹತ್ತಿದರು. ಅಲ್ಲಿ ಗಂಡಂದಿರು ಬಂದು ಕೂತ ಕಥೆಗಳೂ ಇವೆ, ನಿಜ. ಆದರೆ ಆ ಬಾಗಿಲು ಒಮ್ಮೆ ತೆರೆದ ಮೇಲೆ ಮತ್ತೆ ಮುಚ್ಚಲಿಲ್ಲ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿ ಇವತ್ತೂ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುತ್ತಿದೆ.

ಈ ನಡುವೆ, 1984ರ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದಲ್ಲಿ ನಾಲ್ಕೇ ಸ್ಥಾನ ಸಿಕ್ಕವು. ಜನರ ವಿಶ್ವಾಸ ಕಳೆದುಕೊಂಡೆವೆಂದು ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು 139 ಸ್ಥಾನ ಕೊಟ್ಟರು. ಆಳುತ್ತಿದ್ದ ಪಕ್ಷವೊಂದು ಬಹುಮತದೊಂದಿಗೆ ಮರಳಿ ಬಂದದ್ದು ಕರ್ನಾಟಕದಲ್ಲಿ ಅದೇ ಕೊನೆ. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಪಡೆಯಿತು, 1994ರಲ್ಲಿ ಜನತಾದಳ, 1999ರಲ್ಲಿ ಮತ್ತೆ ಕಾಂಗ್ರೆಸ್. 2023ರಲ್ಲಿ ಬಿಜೆಪಿಯನ್ನು ಇಳಿಸಿ ಕಾಂಗ್ರೆಸ್ 135 ಗೆದ್ದಿತು. ಸರ್ಕಾರಗಳನ್ನು ಬದಲಾಯಿಸುವುದು ನಮ್ಮ ಮತದಾರರಿಗೆ ರೂಢಿಯಾಗಿಬಿಟ್ಟಿದೆ.

ಆ ರೂಢಿಯಿಂದ ಹಳ್ಳಿಗೆ ಏನು ದಕ್ಕಿತು ಎಂದು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. 1989ರ ನಂತರದ ಸರ್ಕಾರದ ಕಾಲದಲ್ಲಿ ಮಂಡಲ ಪಂಚಾಯಿತಿಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಸಕಾಲಕ್ಕೆ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಹೊಸ ಕಾಯ್ದೆಯ ಮೇಲೆಯೇ ಚುನಾಯಿತರು ಮರಳಿದ್ದು. ಅಂಥದ್ದೇ ಇನ್ನೊಮ್ಮೆ ನಡೆದಿದೆ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿಯಿತು. ಆಗ ಬಿಜೆಪಿ ಸರ್ಕಾರ ಚುನಾವಣೆ ನಡೆಸಲಿಲ್ಲ. 2023ರಲ್ಲಿ ಪಕ್ಷ ಬದಲಾದ ಮೇಲೂ ಎರಡು ವರ್ಷ ಹಾಗೇ ಕಳೆಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ತಕರಾರು ಎಂದು ಕಾರಣಗಳು ಹೇರಳವಾಗಿ ಸಿಕ್ಕವು. ಬಹುಮತವೇ ಇಲ್ಲದ ಸರ್ಕಾರ ಧೈರ್ಯವಾಗಿ ಕೆಳಕ್ಕೆ ಇಳಿಸಿದ ಅಧಿಕಾರವನ್ನು, ಭಾರಿ ಬಹುಮತದ ಸರ್ಕಾರ ತನ್ನ ಬಳಿಯೇ ಹಿಡಿದಿಟ್ಟುಕೊಂಡಿತು. ಮುಂದಿನ ವಿಧಾನಸಭಾ ಚುನಾವಣೆಗೆ ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಅವರ ಪಕ್ಷ ಯಾವುದೆಂದು ನೋಡದೆ ಕೇಳಬೇಕಾದ ಪ್ರಶ್ನೆ ಇದು: ನಮ್ಮ ಜಿಲ್ಲಾ ಪಂಚಾಯಿತಿಯ ಚುನಾವಣೆಯನ್ನು ನೀವು ಯಾಕೆ ನಡೆಸಲಿಲ್ಲ?