ನಿಮಗಿದು ಗೊತ್ತೆ? ನಿಲ್ದಾಣ ಉಳಿಯಿತು, ರೈಲು ಹೋಯಿತು

ಪ್ಯಾರಿಸ್‌ನ ಸೇನ್ ನದಿ ದಂಡೆಯ ಓರ್ಸೆ ನಿಲ್ದಾಣ 1900ರ ವಿಶ್ವ ಪ್ರದರ್ಶನಕ್ಕೆಂದು ಕಟ್ಟಿದ್ದು. ವಿದ್ಯುತ್ ರೈಲುಗಳು ಉದ್ದವಾಗುತ್ತ ಹೋದವು. ಅದರ ಪ್ಲಾಟ್‌ಫಾರ್ಮ್ ಮಾತ್ರ ಸಾಲದೇ ಹೋಯಿತು. 1939ರಲ್ಲಿ ದೂರದೂರಿನ ರೈಲುಗಳು ನಿಂತವು. ಕೆಡವಿ ಹೋಟೆಲ್ ಕಟ್ಟುವ ಯೋಜನೆಯೂ ಸಿದ್ಧವಾಗಿತ್ತು. ಕೊನೆಗೆ ಕಟ್ಟಡ ಉಳಿದು, 1986ರಲ್ಲಿ ಕಲಾ ಸಂಗ್ರಹಾಲಯವಾಯಿತು. ಈಗ ಜನ ಅಲ್ಲಿಗೆ ಹೋಗುವುದು ವ್ಯಾನ್ ಗೋ, ಮೊನೆಯರ ಚಿತ್ರಗಳನ್ನು ನೋಡಲು.

ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಹುಬ್ಬಳ್ಳಿಯದು. ಅಲ್ಲಿನ ರೈಲ್ವೆಯ ಎರಡು ಹಳೆಯ ಕಾಟೇಜುಗಳು 1907 ಮತ್ತು 1911ರವು. ಅವುಗಳನ್ನು ದುರಸ್ತಿ ಮಾಡಿ, ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು, 2020ರ ಆಗಸ್ಟ್‌ನಲ್ಲಿ ರೈಲು ಸಂಗ್ರಹಾಲಯ ತೆರೆದರು. ಉತ್ತರ ಕರ್ನಾಟಕಕ್ಕೆ ಇದೇ ಮೊದಲನೆಯದು. ಮೈಸೂರಿನದು 1979ರಷ್ಟು ಹಳೆಯದು. ಅದೇ ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾಯಿತು. ಓರ್ಸೆಗೆ ಬಂದ ಕಷ್ಟ ಇದಕ್ಕೆ ಬಾರದು.

ಇಂಥ ಕೆಲಸ ಗಡಿನಾಡಿನಲ್ಲೂ ಆಗಬಹುದು. ಮೀಟರ್‌ಗೇಜ್ ಕಾಲ ಕಂಡ, ಆಂಧ್ರದ ಗಡಿಯ ರಾಯದುರ್ಗದಿಂದ ಕಲ್ಯಾಣದುರ್ಗ, ಮಡಕಶಿರ, ಪಾವಗಡ, ಮಧುಗಿರಿ ಮೂಲಕ ತುಮಕೂರಿಗೆ ಹೊಸ ಮಾರ್ಗ ಹಂತ ಹಂತವಾಗಿ ನಿರ್ಮಾಣವಾಗುತ್ತಿದೆ. ರಾಯದುರ್ಗದಂತೆ ಹಳೆಯ ಹಳಿ ಇದ್ದ ಊರುಗಳಿಗೆ ಹೊಸದು ಬಂದಾಗ ಹಳೆಯ ಟಿಕೆಟ್, ಸಿಗ್ನಲ್ ದೀಪ, ಗಂಟೆ ಗುಜರಿಗೆ ಹೋಗುವುದು ಬೇಗ. ಗಡಿನಾಡಿನ ಕನ್ನಡಿಗರು ಅಂಥವನ್ನು ಈಗಲೇ ಕೂಡಿಡಬೇಕು; ಒಂದು ಹಳೆಯ ಕ್ವಾರ್ಟರ್ಸ್ ಸಿಕ್ಕರೂ ಹುಬ್ಬಳ್ಳಿಯ ಹಾಗೆ ಪುಟ್ಟ ಸಂಗ್ರಹಾಲಯ ಮಾಡಬಹುದು.