ಕಲ್ಲನ್ನು ಕರಗಿಸುವ ಜೀವಾಣುಗಳು

ಸಂಜೆ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಿನ ಜಾವಕ್ಕೆ ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುವುದನ್ನು ನಮ್ಮ ಹೋಟೆಲು ಬಂಧುಗಳು ನಿತ್ಯವೂ ಕಾಣುತ್ತಾರೆ. ಕಣ್ಣಿಗೆ ಕಾಣದ ಜೀವಾಣುಗಳು ರಾತ್ರಿಯೆಲ್ಲ ದುಡಿದುದರ ಫಲವದು. ಇವುಗಳ ದಾಯಾದಿಗಳು ಕಲ್ಲಿನೊಳಗಿನ ಲೋಹವನ್ನೂ ಕರಗಿಸಬಲ್ಲವೆಂದರೆ ವಾಚಕರಿಗೆ ಅಚ್ಚರಿಯಾಗಬಹುದು. ಆ ಪ್ರಯೋಗ ನಮಗೆ ಅನ್ನವಿತ್ತ ಅಹಮದಾಬಾದಿನಲ್ಲಿಯೇ ನಡೆದಿದೆ.

ಭಾದ್ರಪದ ಹುಣ್ಣಿಮೆಗೆ ಭಕ್ತರು ಕಾಲ್ನಡಿಗೆಯಿಂದ ಸೇರುವ ಅಂಬಾಜಿಯನ್ನು ಗುಜರಾತಿನಲ್ಲಿ ಅರಿಯದವರಿಲ್ಲ. ಅಲ್ಲಿಯ ನೆಲದಲ್ಲಿ ತಾಮ್ರ, ಸೀಸ, ಸತುವುಗಳ ಅದಿರುಂಟು. ಮೂರೂ ಗಂಧಕದೊಡನೆ ಕೂಡಿ ಒಂದರೊಳಗೊಂದು ಬೆಸೆದಿರುವುದರಿಂದ ಬೇರ್ಪಡಿಸುವುದು ಕಷ್ಟ. ಗುಜರಾತ್ ವಿಶ್ವವಿದ್ಯಾಲಯದ ದೇವಯಾನಿ ತಿಪ್ರೆ ಹಾಗೂ ಶೈಲೇಶ ದವೆಯವರು ಇಂಥ ಮಿಶ್ರ ಅದಿರಿನ ಸಾರದ ಮೇಲೆ ಜೀವಾಣುಗಳನ್ನು ದುಡಿಸಿ, ಅದರ ವಿವರವನ್ನು 2004ರಲ್ಲಿ ಪ್ರಕಟಿಸಿದರು.

1947ರಲ್ಲಿ ಅಮೆರಿಕದ ಕಲ್ಲಿದ್ದಲ ಗಣಿಯ ಹುಳಿನೀರಿನಲ್ಲಿ ಪತ್ತೆಯಾದ ಈ ಜೀವಾಣುವಿಗೆ ಅಕ್ಕಿಬೇಳೆ ಬೇಡ. ಕಬ್ಬಿಣ, ಗಂಧಕಗಳಿಂದಲೇ ಅದರ ಜೀವನ. ಹುಳಿನೀರು, ಗಾಳಿ ಮತ್ತು ಸುಮಾರು 30 ಡಿಗ್ರಿ ಶಾಖವಿದ್ದರೆ ಸಾಕು. ಅದು ಮಾರ್ಪಡಿಸಿದ ಕಬ್ಬಿಣವು ಅದಿರನ್ನು ಕೊರೆದು ತಾಮ್ರ, ಸತುವುಗಳನ್ನು ನೀರಿಗಿಳಿಸುತ್ತದೆ. ಸೀಸವು ಕರಗದೆ ತಳದಲ್ಲಿ ಉಳಿಯುತ್ತದೆ. ಕುಲುಮೆಯ ಹೊಗೆಯಿಲ್ಲದೆಯೇ ಲೋಹಗಳು ಬೇರೆಯಾದಂತಾಯಿತು!

ನಮ್ಮ ನಾಡೂ ಹಿಂದುಳಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಕೆ. ಎ. ನಟರಾಜನ್ ಅವರು ಈ ಶಾಸ್ತ್ರಕ್ಕಾಗಿ ದೀರ್ಘಕಾಲ ಶ್ರಮಿಸಿದರು. ಗಂಧಕದ ಅದಿರಿನಲ್ಲಿ ಬಂಧಿಯಾದ ಚಿನ್ನವನ್ನು ಬಿಡಿಸಲೂ ಇವೇ ಜೀವಾಣುಗಳು ನೆರವಾಗುತ್ತವೆ. ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಲ್ಲಿಯೇ ಈ ಕ್ರಮ ಜಾರಿಗೆ ಬಂದಿತು.

ಆದರೆ ಕಾವಲಿಲ್ಲದ ಆಳು ಮನೆಯನ್ನೇ ಕೆಡಿಸಬಲ್ಲನು. ನಾನು ಹೋಟೆಲು ನಡೆಸುತ್ತಿದ್ದಾಗ ಒಂದು ಬೇಸಿಗೆಯ ರಾತ್ರಿ ಅಜಾಗರೂಕತೆಯಿಂದ ಹಿಟ್ಟೆಲ್ಲ ಹುಳಿತುಹೋಗಿ ಚರಂಡಿಯ ಪಾಲಾಯಿತು. ಮಳೆಗಾಳಿಗೆ ಬಿಟ್ಟ ಗಣಿಕಸದ ರಾಶಿಯಲ್ಲಿಯೂ ಇವೇ ಜೀವಾಣುಗಳು ಮನಬಂದಂತೆ ದುಡಿದರೆ, ಆಮ್ಲವೂ ಲೋಹವಿಷವೂ ಹರಿದು ಹೊಳೆಬಾವಿಗಳನ್ನು ಸೇರುವುವು. ನನಗಾದುದು ಒಂದು ದಿನದ ನಷ್ಟ. ಅಲ್ಲಿ ಆಗುವುದು ತಲೆಮಾರುಗಳ ನಷ್ಟ.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ದುಡಿದವರು ಹೊಟ್ಟೆಪಾಡಿಗಾಗಿ ನಮ್ಮಂತೆಯೇ ಊರೂರಿಗೆ ಚದುರಿದರು. ಸಯನೈಡ್ ಬೆರೆಸಿ ಚಿನ್ನ ತೆಗೆದು ಬಿಸುಟ ಮಣ್ಣಿನ ಗುಡ್ಡಗಳು ಮಾತ್ರ ಅಲ್ಲಿಯೇ ಉಳಿದವು. ಅಮೆರಿಕದ ಹೋಮ್‌ಸ್ಟೇಕ್ ಗಣಿಯವರು 1984ರಲ್ಲಿ ಸಯನೈಡ್ ತುಂಬಿದ ನೀರನ್ನು ಬೇರೊಂದು ಬಗೆಯ ಜೀವಾಣುಗಳಿಂದ ಶುದ್ಧಗೊಳಿಸಿ ಹೊಳೆಗೆ ಬಿಡತೊಡಗಿದರು. ವಿದ್ಯೆಯ ಕೊರತೆಯಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಪಾತ್ರೆ ತೊಳೆಯದೆ ಬಾಗಿಲು ಹಾಕುವ ಹೋಟೆಲಿನವನನ್ನು ನಾವು ಮೆಚ್ಚುವುದಿಲ್ಲ. ಗಣಿಯ ಒಡೆಯರಿಗೂ ಅದೇ ನಿಯಮ ಸಲ್ಲಬೇಡವೆ?