ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್: ಮೊದಲು ನಿಮ್ಮ ಕನ್ನಡ ಕಡತಗಳನ್ನು ಉಳಿಸಿಕೊಳ್ಳಿ



ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮೂರು ಲ್ಯಾಪ್‌ಟಾಪ್‌ಗಳಿವೆ. ಎರಡರಲ್ಲಿ ವಿಂಡೋಸ್ 10 ಇತ್ತು; ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಭದ್ರತಾ ಚಿಪ್ ಅವುಗಳಲ್ಲಿಲ್ಲ. ಮೂರನೆಯದರಲ್ಲಿ 2023ರಲ್ಲೇ ಡೆಬಿಯನ್ 12 ಹಾಕಿದ್ದೆವು. ದೀಪಾವಳಿ ಕಾರ್ಯಕ್ರಮದ ಗಡಿಬಿಡಿ ಮುಗಿದ ಮೇಲೆ ಮೂರನ್ನೂ ಡೆಬಿಯನ್ 13ಕ್ಕೆ ತರಲು ಕುಳಿತೆವು.

ಡೆಬಿಯನ್ ಎಂದರೆ ಲಿನಕ್ಸ್ ಆಧರಿಸಿದ, ಯೂನಿಕ್ಸ್ ಮಾದರಿಯ ಉಚಿತ ಕಾರ್ಯಾಚರಣ ವ್ಯವಸ್ಥೆ. 1993ರಿಂದ ಸ್ವಯಂಸೇವಕರು ಬೆಳೆಸುತ್ತಾ ಬಂದಿದ್ದಾರೆ. 13ನೇ ಆವೃತ್ತಿ 'ಟ್ರಿಕ್ಸಿ' 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. (ಹೆಸರುಗಳೆಲ್ಲ ಟಾಯ್ ಸ್ಟೋರಿ ಚಿತ್ರಗಳ ಪಾತ್ರಗಳದ್ದು. ಮಕ್ಕಳಿಗೆ ಇದೇ ಬಹಳ ಇಷ್ಟವಾಯಿತು!)

ಮೊದಲ ಲ್ಯಾಪ್‌ಟಾಪಿನಲ್ಲಿ ನಾವೇ ಎಡವಿದೆವು. ಹಿರಿಯ ಶಿಕ್ಷಕಿಯೊಬ್ಬರು ಹನ್ನೆರಡು ವರ್ಷ ಟೈಪ್ ಮಾಡಿದ ಪಾಠಗಳು ಅದರಲ್ಲಿದ್ದವು. ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ, ಧೈರ್ಯವಾಗಿ ವಿಂಡೋಸ್ ಅಳಿಸಿ ಡೆಬಿಯನ್ ಹಾಕಿದೆವು. ಆಮೇಲೆ ಕಡತ ತೆರೆದು ನೋಡಿದರೆ 'ಕ' ಇದ್ದಲ್ಲಿ ಇಂಗ್ಲಿಷಿನ 'ಪಿ', 'ನ' ಇದ್ದಲ್ಲಿ ಪೌಂಡ್ ಚಿಹ್ನೆ. ಅವರ ಮುಖ ನೋಡಲು ನಮಗೆ ಸಂಕೋಚವಾಯಿತು.

ಕಡತಗಳು ಕೆಟ್ಟಿರಲಿಲ್ಲ. ನುಡಿ, ಬರಹದ ಹಳೆಯ ಫಾಂಟ್‌ಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಬರೀ ಇಂಗ್ಲಿಷ್. ಯೂನಿಕೋಡ್‌ನಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಯಾವ ಯಂತ್ರಕ್ಕೆ ಹೋದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ. ಹಳೆಯ ಫಾಂಟನ್ನು ಲಿನಕ್ಸಿಗೂ ಹಾಕಿಕೊಂಡರೆ ಓದಲು ಬರುತ್ತದೆ ನಿಜ, ಆದರೆ ಪದ ಹುಡುಕಲು ಆಗುವುದಿಲ್ಲ.

ಪುಣ್ಯಕ್ಕೆ ಎರಡನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ನುಡಿ ಇನ್ನೂ ಇದ್ದವು. ನುಡಿಯಲ್ಲಿರುವ ಪರಿವರ್ತಕದಿಂದಲೇ ಎಲ್ಲವನ್ನೂ ಯೂನಿಕೋಡಿಗೆ ತಂದೆವು. ಅರ್ಕಾವತ್ತು ಬರುವ ಕೆಲವು ಪದಗಳು ತಪ್ಪಾಗಿದ್ದರಿಂದ ಕಣ್ಣಿಟ್ಟು ತಿದ್ದಬೇಕಾಯಿತು. ಎರಡು ಸಂಜೆ ಹಿಡಿಯಿತು. ಆದ್ದರಿಂದ ಅಮ್ಮನ ಅಡುಗೆ ಟಿಪ್ಪಣಿಯಾಗಲಿ, ಕೂಟದ ಹಳೆಯ ಸಂಚಿಕೆಯಾಗಲಿ, ವಿಂಡೋಸ್ ಇರುವಾಗಲೇ ಪರಿವರ್ತಿಸಿ, ಬೇರೊಂದು ಯಂತ್ರದಲ್ಲಿ ತೆರೆದು ನೋಡಿ, ಆಮೇಲೆ ಅಳಿಸಿ.

ಇನ್ನು ಅನುಸ್ಥಾಪನೆ ಸುಲಭ. ಡೆಬಿಯನ್ ತಾಣದಿಂದ 'ಲೈವ್' ಆವೃತ್ತಿ ಇಳಿಸಿಕೊಂಡು ಪೆನ್ ಡ್ರೈವಿಗೆ ಬರೆದರೆ, ಏನನ್ನೂ ಅಳಿಸದೆ ವೈಫೈ, ಧ್ವನಿ, ಕ್ಯಾಮೆರಾ ಪರೀಕ್ಷಿಸಬಹುದು. ಹಾಕುವಾಗ 'ಹೋಮ್' ವಿಭಾಗವನ್ನು ಬೇರೆಯಾಗಿಡಿ. ಮುಂದೆ ವ್ಯವಸ್ಥೆಯನ್ನು ಹೊಸದಾಗಿ ಹಾಕಬೇಕಾದರೂ ನಿಮ್ಮ ಕಡತಗಳನ್ನು ಮುಟ್ಟಬೇಕಿಲ್ಲ. ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಗುರ. ತೀರಾ ಹಳೆಯ 32 ಬಿಟ್ ಕಂಪ್ಯೂಟರಿಗೆ ಡೆಬಿಯನ್ 13ರ ಅನುಸ್ಥಾಪಕ ಇಲ್ಲ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಐಬಸ್ ಜೊತೆಗೆ ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು 'ಕೆಜಿಪಿ' ಆರಿಸಿದರೆ, ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಅಭ್ಯಾಸವಾದ ಅದೇ ಕೀಲಿಮಣೆ ಬರುತ್ತದೆ.

ಮೂರನೆಯದನ್ನು ಮೇಲ್ದರ್ಜೆಗೇರಿಸಿದ್ದು ಇನ್ನೂ ಸಲೀಸು. 12ರ ಬಾಕಿ ನವೀಕರಣಗಳನ್ನೆಲ್ಲ ಮುಗಿಸಿ, ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ 'ಬುಕ್‌ವರ್ಮ್' ಇದ್ದ ಕಡೆಯೆಲ್ಲ 'ಟ್ರಿಕ್ಸಿ' ಎಂದು ಬದಲಿಸಿ, ಪಟ್ಟಿ ನವೀಕರಿಸಿ, ಮೊದಲು ಸಣ್ಣ ಅಪ್‌ಗ್ರೇಡ್, ನಂತರ ಫುಲ್-ಅಪ್‌ಗ್ರೇಡ್ ಕೊಟ್ಟೆವು. ನಡುವೆ ಸಂರಚನಾ ಕಡತಗಳ ಬಗ್ಗೆ ಪ್ರಶ್ನೆ ಬರುತ್ತದೆ. ಗೊತ್ತಿಲ್ಲದಿದ್ದರೆ ಹಳೆಯದನ್ನೇ ಉಳಿಸಿಕೊಳ್ಳಿ. 11 ಇರುವವರು ನೇರ 13ಕ್ಕೆ ಹಾರಬೇಡಿ, 12ರ ಮೂಲಕವೇ ಬನ್ನಿ. ಒಂದು ಆವೃತ್ತಿ ಬಿಟ್ಟು ಹಾರುವುದನ್ನು ಡೆಬಿಯನ್ ಬೆಂಬಲಿಸುವುದಿಲ್ಲ.

ಆಸಕ್ತರು ಯಾವುದೇ ಭಾನುವಾರ ತರಗತಿ ಮುಗಿದ ಮೇಲೆ ಲ್ಯಾಪ್‌ಟಾಪ್ ತನ್ನಿ, ಜೊತೆಗೆ ಕೂತು ಮಾಡೋಣ. ಚಾರ್ಜರ್ ಮತ್ತು ಖಾಲಿ ಪೆನ್ ಡ್ರೈವ್ ಮರೆಯಬೇಡಿ.